ಉಗಿಯಂತ್ರಕ್ಕೆ ಸೆಲ್ ಕೂಡಿಸಿದ್ದು

ಕೆಲವರಿಗೆ ರಂಗೋಲಿ ಕೈಹಿಡಿದಿರುತ್ತದೆ, ಕೆಲವರಿಗೆ ಹೋಳಿಗೆ. ನನಗೆ ಕೈಹಿಡಿದಿರುವುದು ತಿರಸ್ಕಾರ. ಹೆಮ್ಮೆಯಿಂದ ಹೇಳುತ್ತಿಲ್ಲ, ಆದರೆ ಸುಳ್ಳು ಹೇಳಿ ಏನು ಪ್ರಯೋಜನ? ಮೂಗಿನ ತುದಿಯನ್ನು ಒಂದಿಷ್ಟೇ ಮೇಲೆತ್ತಿ, ತುಟಿ ಬಿಚ್ಚದೆ, ಎದುರಿಗಿದ್ದವರ ಹೊಸ ಸೀರೆ, ಹೊಸ ಫ್ರಿಜ್ಜು, ಹೊಸ ಅಭಿಪ್ರಾಯ ಯಾವುದನ್ನಾದರೂ ನಿಂತ ನಿಲುವಿನಲ್ಲಿ ಹಳೆಯದು ಮಾಡಿಬಿಡಬಲ್ಲೆ. ಇದು ಹುಟ್ಟಿನಿಂದ ಬಂದ ವಿದ್ಯೆಯಲ್ಲ, ಸಂಬಳ ಕೊಟ್ಟು ಕಲಿಸಿದ್ದು. ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಚಿಕ್ಕ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ನಾನು ತಪಾಸಣೆಯ ಮೇಜಿನ ಹಿಂದೆ ಕೂತಿದ್ದೆ. ಕರೆಂಟು ಹೋದಾಗ ಉರಿಯುವ ದೀಪಗಳನ್ನು ಅಲ್ಲಿ ಮಾಡುತ್ತಿದ್ದರು. ಸೆಲ್ ಸರಿಯಾಗಿ ಕೂತಿದೆಯೇ, ಸ್ಪ್ರಿಂಗು ಒತ್ತುತ್ತಿದೆಯೇ, ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಿ, ಸರಿಯಿದ್ದರೆ ಮುಂದೆ ತಳ್ಳುವುದು, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸಿ ಪಕ್ಕಕ್ಕಿಡುವುದು. ಇಷ್ಟು ವರ್ಷ ತಪ್ಪು ಹುಡುಕಿ ಉಂಡವಳಿಗೆ ನಿವೃತ್ತಿಯ ಮರುದಿನ ಬೆಳಿಗ್ಗೆ ಜಗತ್ತೆಲ್ಲ ಇದ್ದಕ್ಕಿದ್ದಂತೆ ಚೆಂದ ಕಾಣಬೇಕೆಂದರೆ ಹೇಗೆ?

ಹೀಗೆ ಕೆಲಸವಿಲ್ಲದೆ ಕೂತಿದ್ದ ನನ್ನ ಕಣ್ಣಿಗೆ ಕಳೆದ ಬೇಸಿಗೆಯಲ್ಲಿ ಬಿದ್ದದ್ದು ನನ್ನ ಗಂಡನ ಉಗಿಯಂತ್ರ.

ಗಂಡನ ಹೆಸರು ಜಯಕರ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಅವರು ಬರೆದ ಕುದುರೆಗಳೆಲ್ಲ ಎಮ್ಮೆಯ ಕಡೆಗೆ ವಾಲುತ್ತಿದ್ದವು ಎಂಬುದು ನನ್ನ ಅಭಿಪ್ರಾಯ. ಆದರೆ ಧ್ವನಿಯ ವಿಷಯದಲ್ಲಿ ನಾನೂ ಬಾಯಿ ಮುಚ್ಚಿಕೊಳ್ಳುತ್ತೇನೆ. ನಮ್ಮ ಚರ್ಚಿನ ಗಾಯನ ತಂಡದಲ್ಲಿ ಎಲ್ಲರಿಗಿಂತ ಕೆಳಗಿನ ಸ್ವರ ಅವರದು. ಅವರು ಹಾಡಲು ಶುರುಮಾಡಿದರೆ ಬೆಂಚಿನ ಹಲಗೆಗೆ ಸಣ್ಣದೊಂದು ನಡುಕ ಬರುತ್ತದೆ. ಮದುವೆಗೆ ಮುಂಚೆ ನಾನು ಆ ಹಲಗೆಯ ಮೇಲೆ ಕೂತಿದ್ದೆ, ಅಷ್ಟೇ ಹೇಳುತ್ತೇನೆ.

ಆ ಧ್ವನಿಯ ಮೇಲೆ ನಲವತ್ತು ವರ್ಷ ಸಿಗರೇಟಿನ ಹೊಗೆ ಆಡಿತ್ತು. ಎರಡು ವರ್ಷದಿಂದ ಕೆಮ್ಮು ಹತ್ತಿ, ಉದ್ದನೆಯ ಸ್ವರ ಹಿಡಿದರೆ ನಡುವೆ ಹಳೆಯ ಧೋತರದಂತೆ ಪರ್ರೆಂದು ಹರಿಯತೊಡಗಿತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಮಾಸ್ತರ್ರ, ಇನ್ನ ಸಾಕ್ ಮಾಡ್ರಿ" ಎಂದರು. ಜಯಕರ ಸಾಕುಮಾಡಿದರು. ಅಂದರೆ ಮನೆಯಲ್ಲಿ ಸಾಕುಮಾಡಿ, ಸಪ್ತಾಪುರದ ಚಹಾದಂಗಡಿಯ ಹಿಂದೆ, ಮೀಸೆ ಮೂಡದ ಕಾಲೇಜು ಹುಡುಗರ ನಡುವೆ ನಿಂತು ಮುಂದುವರಿಸಿದರು. ಆ ಹುಡುಗರೇ "ಕಾಕಾ, ಬೆಂಕಿಪೊಟ್ಟಣ ಐತೇನ್ರಿ" ಎಂದು ಅವರನ್ನು ಕೇಳುವುದನ್ನು ನಾನು ತರಕಾರಿ ಚೀಲ ಹಿಡಿದು ರಸ್ತೆಯ ಆಚೆಯಿಂದ ನೋಡಿದ್ದೇನೆ. ಮನೆಗೆ ಬಂದಾಗ ಅವರ ಬಾಯಲ್ಲಿ ಸೋಂಪು ಇರುತ್ತಿತ್ತು, ನನ್ನ ಮುಖದಲ್ಲಿ ಮೊದಲೇ ಹೇಳಿದ ಆ ಮೂಗು.

ಹೀಗಿರುವಾಗ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನಮ್ಮ ಬಚ್ಚಲಮನೆಯಿಂದ ಮಾವಿನಹಣ್ಣಿನ ವಾಸನೆ ಬಂತು. ಮಾವಿನಹಣ್ಣಿನ ವಿಷಯದಲ್ಲಿ ಧಾರವಾಡದ ಹೆಂಗಸಿಗೆ ಯಾರೂ ಮೋಸ ಮಾಡಲಾರರು. ಆಪೂಸು ಪೇಟೆಗೆ ಬರಲು ಇನ್ನೂ ಒಂದು ತಿಂಗಳಿತ್ತು. ಬಂದ ಮೇಲೂ ಅದನ್ನು ಬಚ್ಚಲಲ್ಲಿ ಚಿಲಕ ಹಾಕಿಕೊಂಡು ಯಾರೂ ತಿನ್ನುವುದಿಲ್ಲ. ಅಲ್ಲದೆ ಅದು ಹಣ್ಣಿನ ವಾಸನೆಯೇ ಅಲ್ಲ. ಜನ್ಮದಲ್ಲಿ ಮಾವಿನಹಣ್ಣು ಕಾಣದ ಒಬ್ಬಾತ, ಕಂಡ ಇನ್ನೊಬ್ಬನನ್ನು ಫೋನಿನಲ್ಲಿ ವಿಚಾರಿಸಿ ತಯಾರಿಸಿದ ವಾಸನೆ.

ಎರಡು ದಿನದಲ್ಲಿ ವಸ್ತು ಸಿಕ್ಕಿತು. ಬಣ್ಣದ ಡಬ್ಬಿಯಲ್ಲಿ, ಕುಂಚಗಳ ಅಡಿಯಲ್ಲಿ. ಸಾಬೂನಿನ ಡಬ್ಬಿಯಷ್ಟು ದೊಡ್ಡ ಕರಿಯ ಪೆಟ್ಟಿಗೆ. ಮೇಲೆ ಬಾಯಿಗಿಡಲು ಒಂದು ಕೊಳವೆ, ಪಕ್ಕದಲ್ಲಿ ಗುಂಡಿ, ಬೆನ್ನಿಗೆ ಸೆಲ್ ಹಾಕುವ ಬಾಗಿಲು. ಗುಂಡಿ ಒತ್ತಿದರೆ ಒಳಗಿನ ತಂತಿ ಕಾದು, ಒಂದು ದ್ರವ ಆವಿಯಾಗಿ ಬಾಯಿಗೆ ಬರುತ್ತದೆ. ಜನ ಇದಕ್ಕೆ ವೇಪ್ ಎನ್ನುತ್ತಾರಂತೆ. ನಾನು ಉಗಿಯಂತ್ರ ಎಂದೆ. ಕನ್ನಡದಲ್ಲಿ ಉಗಿ ಎಂದರೆ ಆವಿ. ಉಗಿ ಎಂದರೆ ಉಗುಳು ಎಂದೂ ಆಗುತ್ತದೆ, ಎದುರಿಗೆ ನಿಲ್ಲಿಸಿ ಛೀಮಾರಿ ಹಾಕು ಎಂದೂ ಆಗುತ್ತದೆ. ನಮ್ಮ ಹಿರಿಯರು ಈ ಯಂತ್ರವನ್ನು ಕಣ್ಣಿಂದ ಕಾಣದೆಯೇ ಅದರ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಒಂದೇ ಶಬ್ದದಲ್ಲಿ ಹೇಳಿಟ್ಟು ಹೋಗಿದ್ದಾರೆ.

ಯಂತ್ರದ ಬೆನ್ನಿನ ಬಾಗಿಲು ಮುಚ್ಚಿರಲಿಲ್ಲ. ಒಳಗಿನ ಸೆಲ್ ಬಾಗಿಲನ್ನು ತಳ್ಳಿಕೊಂಡು ಹೊರಗೆ ಇಣುಕುತ್ತಿತ್ತು. ಎರಡನ್ನೂ ಸೇರಿಸಿ ಮಿಠಾಯಿ ಡಬ್ಬಿಯ ರಬ್ಬರ್ ಬ್ಯಾಂಡು ಸುತ್ತಿದ್ದರು. ಕಾರ್ಖಾನೆಯಲ್ಲಿ ಇಂಥದ್ದು ನನ್ನ ಮೇಜಿಗೆ ಬಂದಿದ್ದರೆ ಮಾಡಿದವನನ್ನೇ ಕರೆಸಿ ಅವನ ಹಣೆಗೆ ಚೀಟಿ ಅಂಟಿಸುತ್ತಿದ್ದೆ. ಇಲ್ಲಿ ನಾನು ಅದನ್ನು ಕುಂಚಗಳ ಅಡಿಯಲ್ಲೇ ಇಟ್ಟು, ಮೊದಲು ಸೂತ್ರಧಾರ ಯಾರೆಂದು ತಿಳಿಯೋಣ ಎಂದು ಸುಮ್ಮನಾದೆ.

ಸೂತ್ರಧಾರ ಆ ಭಾನುವಾರವೇ ಬಂದ. ಈರಣ್ಣ, ಜಯಕರರ ಬಾಲ್ಯದ ಗೆಳೆಯ, ಹುಬ್ಬಳ್ಳಿಯಲ್ಲಿ ಹತ್ತಿಯ ವ್ಯಾಪಾರ. ಆರೋಗ್ಯಕ್ಕೆಂದು ಲೋಕದಲ್ಲಿ ಏನು ಹೊಸದು ಬಂದರೂ ಮೊದಲು ಈರಣ್ಣನ ಮೈಮೇಲೆ ಬರುತ್ತದೆ. ಅಯಸ್ಕಾಂತದ ಬಳೆ ಹಾಕಿದ್ದ, ಮುಳ್ಳಿನ ಚಪ್ಪಲಿ ಮೆಟ್ಟಿ ಕುಂಟಿದ್ದ, ಒಂದು ಇಡೀ ವರ್ಷ ಹಾಗಲಕಾಯಿ ರಸ ಕುಡಿದು ನಮ್ಮೆಲ್ಲರ ಮುಖಕ್ಕೂ ಅದರ ವರ್ಣನೆ ಮಾಡಿದ್ದ. ಅಂದು ವರಾಂಡದಲ್ಲಿ ಅವರಿಬ್ಬರ ಪಿಸುಮಾತು ಅಡಿಗೆಮನೆಯ ಕಿಟಕಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಸಿಗರೇಟ್ ಅಲ್ಲೋ ಮಾರಾಯಾ, ಬರೇ ಹಬಿ. ಇಡ್ಲಿ ಪಾತ್ರ್ಯಾಗ ಬರ್ತೈತಲ್ಲ, ಅದ ಹಬಿ."

"ಸರಕಾರ ಬಂದ್ ಮಾಡೇತಿ ಅಂತಾರಲ್ಲೋ ಈರಣ್ಣ?"

"ಮಾರೂದು ಬಂದ್ ಮಾಡ್ಯಾರ. ಸೇದೂದು ಎಲ್ಲಿ ಮಾಡ್ಯಾರ? ನಾ ಏನ್ ನಿನಗ ಮಾರೇನೇನು? ನನ್ನ ಅಳಿಯಾ ಬಿಟ್ಟು ಹೋಗಿದ್ದು, ಸುಮ್ನ ಕೊಟ್ಟೇನಿ."

"ಖರೇ. ಆದ್ರ ಸೆಲ್ ಕೂಡವಲ್ದಲ್ಲೋ."

"ಅದರ ಅಸಲಿ ಸೆಲ್ ಸತ್ತಿತ್ತು. ಇದು ಛಲೋ ಟಾರ್ಚಿನ ಸೆಲ್, ನಾನ ಪ್ಯಾಟ್ಯಾಗಿಂದ ತಂದೇನಿ. ಒಂಚೂರು ಉದ್ದ ಐತಿ, ಅಷ್ಟ. ಒತ್ತಿ ಕೂಡಸು. ಗಂಡಸ ಅದಿಯೋ ಇಲ್ಲೋ?"

ಒಂಚೂರು ಉದ್ದ! ಹತ್ತಿಯನ್ನು ಕಾಲಿಂದ ತುಳಿದು ಚೀಲಕ್ಕೆ ತುಂಬುವವರಿಗೆ ಮೂರು ಮಿಲಿಮೀಟರು ಎಂದರೆ ಏನು ಲೆಕ್ಕ?

ಇಷ್ಟಕ್ಕೂ ಈರಣ್ಣನೊಬ್ಬನನ್ನೇ ಬೈದು ಫಲವಿಲ್ಲ. ಕೂಡದೇ ಇದ್ದದ್ದನ್ನು ಕೂಡಿಸುವುದು ನಮ್ಮ ಅವಳಿ ನಗರದ ಕುಲಕಸುಬು. ಪ್ಲಗ್ಗು ಇಲ್ಲದಿದ್ದರೆ ಬೋಳು ತಂತಿಯನ್ನು ಗೋಡೆಯ ತೂತಿಗೆ ತುರುಕಿ ಬೆಂಕಿಕಡ್ಡಿಯಿಂದ ಬಿಗಿಯುತ್ತೇವೆ. ಕುಣಿಯುವ ಕಪಾಟಿನ ಕಾಲಿಗೆ ಕಳೆದ ವರ್ಷದ ಕ್ಯಾಲೆಂಡರಿನ ಏಪ್ರಿಲ್ ತಿಂಗಳನ್ನು ಮಡಚಿ ಇಡುತ್ತೇವೆ. ಬಸ್ಸಿನ ಕಿಟಕಿಯ ಗಾಜು ಗದಗುಟ್ಟಿದರೆ ಟಿಕೆಟ್ಟನ್ನೇ ಸುರುಳಿ ಸುತ್ತಿ ಸಂದಿಗೆ ಹಾಕಿ, ಇಳಿಯುವಾಗ ಟಿಕೆಟ್ ತೋರಿಸು ಎಂದರೆ ಕಿಟಕಿಯನ್ನು ತೋರಿಸುತ್ತೇವೆ. ಸೆಲ್ಲಿನ ಶುಶ್ರೂಷೆಯಂತೂ ಒಂದು ದೊಡ್ಡ ಶಾಸ್ತ್ರ. ನಮ್ಮ ತಂದೆ ರೇಡಿಯೋದ ಸೆಲ್ಲುಗಳನ್ನು ಹಪ್ಪಳದ ಪಕ್ಕದಲ್ಲಿ ಬಿಸಿಲಿಗೆ ಇಡುತ್ತಿದ್ದರು. ಅಜ್ಜ ಹಲ್ಲಿಂದ ಕಚ್ಚುತ್ತಿದ್ದರು. ಸಡಿಲವಾದರೆ ಬೆಳ್ಳಿಕಾಗದ, ಅದಕ್ಕೂ ಬಗ್ಗದಿದ್ದರೆ ಬೆನ್ನಿಗೆ ಎರಡು ಏಟು. ಪಾಪ, ಆ ಹಳೆಯ ಸೆಲ್ಲುಗಳು ಎತ್ತಿನಂಥವು. ಎಷ್ಟು ಬಡಿದರೂ ಬಹಳವೆಂದರೆ ಮೂಲೆಯಲ್ಲಿ ಸ್ವಲ್ಪ ರಸ ಸೋರಿ ಸಾಯುತ್ತಿದ್ದವು.

ಈಗಿನ ಲಿಥಿಯಂ ಸೆಲ್ಲು ಆ ಜಾತಿಯದಲ್ಲ. ಅದರ ನೆತ್ತಿಯ ಮೇಲಿನ ಚಿಕ್ಕ ಬಿಲ್ಲೆ ಮಾತ್ರ ಧನ, ಉಳಿದ ಮೈಯೆಲ್ಲ, ಕುತ್ತಿಗೆಯವರೆಗೂ, ಋಣ. ಎರಡರ ನಡುವೆ ಇರುವುದು ಕಾಗದದ ಉಂಗುರ ಮತ್ತು ತೆಳ್ಳನೆಯ ಪ್ಲಾಸ್ಟಿಕ್ ಅಂಗಿ. ಆ ಅಂಗಿ ಹರಿದು, ಲೋಹದ ಚೂರೊಂದು ಆಚೆ ಈಚೆ ತಾಗಿದರೆ ಸೆಲ್ಲಿನೊಳಗಿನ ಶಕ್ತಿಯೆಲ್ಲ ಒಮ್ಮೆಗೇ ಹೊರಗೆ ನುಗ್ಗುತ್ತದೆ. ಇದು ನನಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ಗೊತ್ತಿದ್ದವಳು ಏನು ಮಾಡಿದೆ ಎಂಬುದೇ ಈಗ ಹೇಳಬೇಕಾದ ನಾಚಿಕೆಯ ಸಂಗತಿ.

ಬುಧವಾರ ನಾನು ಮೆಂತೆಪಲ್ಲೆ ಸೋಸುತ್ತ ಕೂತಿದ್ದಾಗ ಜಯಕರ ಬಂದು ಎದುರಿಗೆ ಕೂತರು. ತಾವೂ ನಾಲ್ಕು ಎಲೆ ಬಿಡಿಸಿದರು. ಇದೇ ದೊಡ್ಡ ಸುಳಿವು, ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಪಲ್ಲೆಗೆ ಕೈಹಚ್ಚಿದವರಲ್ಲ.

"ಅಲ್ಲಾ, ಸೆಲ್ ಒಳಗ ಸರಿ ಕೂಡವಲ್ದು ಅಂದ್ರ ಏನ್ ಮಾಡಬೇಕು?" ಎಂದರು.

"ಯಾವುದರಾಗ್ರಿ?"

"ಟಾರ್ಚಿನ್ಯಾಗ."

ನಾನು ಎಲೆಯಿಂದ ಕಣ್ಣೆತ್ತದೆ ಹೇಳಿದೆ: "ಟಾರ್ಚಿಗೆ ಮಾವಿನಹಣ್ಣಿನ ವಾಸನಿ ಇರೂದಿಲ್ರಿ."

ಅವರು ಕೈಯಲ್ಲಿದ್ದ ಎಲೆಯನ್ನು ಮೆಲ್ಲಗೆ ಕೆಳಗಿಟ್ಟು ಎದ್ದು ಹೋದರು. ಎಂಥ ಮಾತು ಹೊಡೆದೆ ಎಂದು ನನಗೆ ಹಿಗ್ಗೋ ಹಿಗ್ಗು. ಅದನ್ನು ಮೂರು ದಿನ ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ಚಪ್ಪರಿಸಿದೆ. ಆ ಮೂರು ದಿನದಲ್ಲಿ ಅತ್ತ ಏನು ನಡೆಯಿತೆಂಬುದು ಆಮೇಲೆ ತಿಳಿಯಿತು. ಅವರು ಮೊಬೈಲ್ ರಿಪೇರಿಯವನ ಹತ್ತಿರ ಹೋದರು, ಅವನು ಇಂಥದ್ದನ್ನು ಮುಟ್ಟುವುದಿಲ್ಲ ಎಂದ. ಗಡಿಯಾರದವನ ಹತ್ತಿರ ಹೋದರು, ಅವನು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ನೋಡಿ, ಇದು ಎಷ್ಟು ಗಂಟೆ ತೋರಿಸುತ್ತದೆ ಎಂದು ಕೇಳಿದ. ಕೊನೆಗೆ ಮತ್ತೆ ಈರಣ್ಣನೇ ಗತಿಯಾದ. ಇಬ್ಬರೂ ಕೂಡಿ ಒಳಗಿನ ಸ್ಪ್ರಿಂಗನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಚಪ್ಪಟೆ ಮಾಡಿದರು. ಉದ್ದನೆಯ ಸೆಲ್ಲನ್ನು ಹೆಬ್ಬೆರಳಿನಿಂದ ತುರುಕಿ ಬಾಗಿಲು ಹಾಕಿದರು. ಹಾಕಿ ತೆಗೆದು ಹಾಕಿ ತೆಗೆದು, ತಗಡಿನ ಅಂಚಿಗೆ ಸಿಕ್ಕಿ ಸೆಲ್ಲಿನ ಅಂಗಿ ಕುತ್ತಿಗೆಯ ಹತ್ತಿರ ಹರಿಯಿತು. ಚಪ್ಪಟೆಯಾದ ಸ್ಪ್ರಿಂಗು ಈಗ ಸರಿಯಾಗಿ ತಾಗುವುದಿಲ್ಲ. ಅದಕ್ಕೇನು, ಚಾಕಲೇಟಿನ ಬೆಳ್ಳಿಕಾಗದ ಇದ್ದೇ ಇದೆಯಲ್ಲ! ಅದನ್ನು ಮಡಚಿ ಎರಡೂ ಕಡೆ ಇಟ್ಟರು. ಯಂತ್ರದ ಪುಟ್ಟ ದೀಪ ಹತ್ತಿತು. ಈರಣ್ಣ ಕೈ ಝಾಡಿಸಿಕೊಂಡು, "ನೋಡ, ಎಂಜಿನಿಯರ್ ಯಾಕ ಬೇಕು?" ಎಂದನಂತೆ.

ಶನಿವಾರ ಸಂಜೆ ಗಾಯನ ತಂಡದ ಅಭ್ಯಾಸ. ನಾನು ಹೆಂಗಸರ ಕೆಳಸ್ವರದ ಸಾಲಿನಲ್ಲಿ ನಿಲ್ಲುತ್ತೇನೆ, ಗಂಡಸರು ಎದುರಿನ ಸಾಲಿನಲ್ಲಿ. ಎರಡನೆಯ ಹಾಡಿನ ನಡುವೆ ಉಳಿದವರೆಲ್ಲ ಹಾಡು ನಿಲ್ಲಿಸಿ ನನ್ನ ಗಂಡ ಒಬ್ಬರೇ ಹಾಡುವ ಭಾಗವಿದೆ. ಜಯಕರ ಉಸಿರು ತುಂಬಿಕೊಂಡು ಸ್ವರ ಹಿಡಿದರು. ಅಂದು ಕೆಮ್ಮಲಿಲ್ಲ. ಬೆಂಚು ನಡುಗುವಂಥ ಸ್ವರ, ಬಹಳ ದಿನಗಳ ಮೇಲೆ. ಅಷ್ಟರಲ್ಲಿ ಅವರ ಬಲಗೈ ಪ್ಯಾಂಟಿನ ಕಿಸೆಯ ಕಡೆ ಹೋಯಿತು. ಒಮ್ಮೆ ಮುಟ್ಟಿ ಹಿಂದಕ್ಕೆ ಬಂತು. ಮತ್ತೆ ಹೋಯಿತು. ಸ್ವರ ಇದ್ದಕ್ಕಿದ್ದಂತೆ ಯಾವ ರಾಗಕ್ಕೂ ಸೇರದ ಎತ್ತರಕ್ಕೆ ಏರಿತು. ಆರ್ಗನ್ ನುಡಿಸುವವರು ತಮ್ಮದೇ ತಪ್ಪೆಂದು ತಿಳಿದು ಕೈ ಎತ್ತಿದರು. ಜಯಕರ ತೊಡೆಯನ್ನು ಬಡಿದುಕೊಳ್ಳುತ್ತ ಪಕ್ಕದ ಬಾಗಿಲಿಗೆ ಓಡಿದರು. ಕಿಸೆಯಿಂದ ಏನನ್ನೋ ಕಿತ್ತು ಹೊರಗೆ ಎಸೆದರು.

ನನಗೆ ಅರ್ಧ ಕ್ಷಣದಲ್ಲಿ ಎಲ್ಲ ತಿಳಿಯಿತು. ಸೀರೆ ಎತ್ತಿಕಟ್ಟಿ ಓಡಿದೆ. ಪೆಟ್ಟಿಗೆ ಕಲ್ಲಿನ ಮೆಟ್ಟಿಲಿಗೆ ಬಡಿದು, ಬಾಗಿಲು ಸಿಡಿದು, ಸೆಲ್ ಹೊರಗೆ ಉರುಳಿತ್ತು. ಅದೇ ಅವರನ್ನೂ ನಮ್ಮನ್ನೂ ಉಳಿಸಿದ್ದು. ಬೆಳ್ಳಿಕಾಗದದಿಂದ ಬಿಡುಗಡೆಯಾಗಿ ಒಳಗಿನ ಕುದಿ ನಿಂತಿತ್ತು. ಕ್ರೋಟನ್ ಕುಂಡದಿಂದ ಎರಡು ಬೊಗಸೆ ಮಣ್ಣು ತೆಗೆದು ಅದರ ಮೇಲೆ ಸುರಿದು, ತಂಡದ ಹುಡುಗಿಯರನ್ನು ದೂರ ನಿಲ್ಲಿಸಿದೆ. ಸುಟ್ಟ ಪ್ಲಾಸ್ಟಿಕ್ಕಿನ ನಾತ, ಅದರ ಮೇಲೆ ಮಾವಿನಹಣ್ಣಿನ ಘಮ. ತಂಡದವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು.

"ಏನ್ ಆತ್ರಿ ಮಾಸ್ತರ್ರ?"

"ಮೊಬೈಲ್..." ಎಂದರು ಜಯಕರ, ನನ್ನ ಕಡೆ ನೋಡುತ್ತ. ಮುಖ ಬೂದಿಯಾಗಿತ್ತು.

ಚರ್ಚಿನ ಅಂಗಳದಲ್ಲಿ ನಿಂತು ಅಲ್ಲಿಯವರೆಗೆ ನಾನು ಸುಳ್ಳು ಹೇಳಿದವಳಲ್ಲ. "ಹೌದ್ರಿ, ಹಳೇ ಮೊಬೈಲ್" ಎಂದೆ.

ಮನೆಗೆ ಬಂದು ನೋಡಿದರೆ ತೊಡೆಯ ಮೇಲೆ ಅಂಗೈಯಗಲ ಕೆಂಪು, ನಡುವೆ ಬೊಬ್ಬೆ. ತಣ್ಣೀರಿನ ಬಟ್ಟೆ ಹಾಕುತ್ತ ಕೂತೆ. ಬೈಯಬೇಕಾದ ಮಾತುಗಳು ಸಾಲಾಗಿ ನಿಂತಿದ್ದವು. ಆದರೆ ಬೊಬ್ಬೆಗೆ ಬಟ್ಟೆ ಹಾಕುತ್ತ ಬೈದರೆ ಚೆನ್ನಾಗಿ ಬರುವುದಿಲ್ಲ. ಕೊನೆಗೆ ಕೇಳಿದೆ:

"ಇಪ್ಪತ್ತೆರಡ ವರ್ಷ ಸೆಲ್ ಕೂಡಿಸಿದಾಕಿ ಮನ್ಯಾಗ ಅದೇನಿ. ಗಡಿಯಾರದಾವನ ಕಡೆ ಹೋಗಿದ್ರಿ. ನನ್ನ ಕೇಳಾಕ ಏನಾಗಿತ್ತು? ಬೈತೇನಿ ಅಂತ ಹೆದರಿಕಿ ಏನು?"

 "ಕೇಳಿದ್ನಲ್ಲ" ಎಂದರು ಅವರು.

ನಾನು ಬಟ್ಟೆಯನ್ನು ಹಿಂಡಿದೆ.

"ಬೈದ್ರ ನಡೀತೈತಿ. ಬೈಸಿಕೊಂಡು ರೂಢಿ ಆಗೇತಿ. ನೀ ನಗ್ತಿ ನೋಡು ಒಂಥರಾ, ಬಾಯಿ ತಗೀದನ... ಅದಕ್ಕ ಹೆದರಿಕಿ. ನಾ ಬಿಡಬೇಕಂತನ ಅದನ್ನ ತಗೊಂಡಿದ್ದೆ. ಬಿಟ್ಟ ಮ್ಯಾಲ ನಿನಗ ಹೇಳೋಣು ಅಂತ ಇದ್ದೆ. ಅರ್ಧಕ್ಕ ಹೇಳಿದ್ರ ನೀ ನಗ್ತಿ."

  ಮೂಗಿನ ತುದಿ ಎಲ್ಲಿದೆ ಎಂದು ಕೈಯಿಂದ ಮುಟ್ಟಿ ನೋಡಿಕೊಳ್ಳಬೇಕು ಅನ್ನಿಸಿತು. ಮನುಷ್ಯರನ್ನು ತಿರಸ್ಕರಿಸುವವರಿಗೆ ಒಂದು ಶಿಕ್ಷೆಯಿದೆ. ಅವರಿಗೆ ಯಾರೂ ಏನನ್ನೂ ಹೇಳುವುದಿಲ್ಲ. ಎಲ್ಲ ಸುದ್ದಿಯೂ ಅವರಿಗೆ ಸುಟ್ಟ ಮೇಲೆಯೇ ವಾಸನೆಯಿಂದ ತಿಳಿಯುತ್ತದೆ.

ಮರುದಿನ ಆರಾಧನೆ ಮುಗಿಸಿ, ಚರ್ಚಿನ ಮೆಟ್ಟಿಲ ಬಳಿ ಬಿದ್ದಿದ್ದ ಯಂತ್ರವನ್ನೂ ತಣ್ಣಗಾದ ಸೆಲ್ಲನ್ನೂ ಆಯ್ದು ತಂದು, ವರಾಂಡದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಯಂತ್ರವನ್ನು ಬಿಚ್ಚಿದೆ. ವರ್ನಿಯರ್ ಕ್ಯಾಲಿಪರ್ಸ್ ಹಿಡಿದು ಅಳೆದೆ. ಕೂಡುವ ಜಾಗ ಅರವತ್ತೈದು ಮಿಲಿಮೀಟರಿನ ಸೆಲ್ಲಿಗೆ, ಈರಣ್ಣನದು ಅರವತ್ತೆಂಟೂವರೆ. ತಲೆಯ ಮೇಲೆ ಎತ್ತರದ ಗುಬ್ಬಿ, ಬುಡದಲ್ಲಿ ರಕ್ಷಣೆಗೆಂದು ಇಟ್ಟ ಸಣ್ಣ ಬಿಲ್ಲೆ, ಆ ಬಿಲ್ಲೆಯೂ ಅವರ ಹೆಬ್ಬೆರಳಿನ ಒತ್ತಡಕ್ಕೆ ಜಜ್ಜಿಹೋಗಿತ್ತು. ನಾನು ಇದನ್ನೆಲ್ಲ ಜಯಕರರಿಗೆ ತೋರಿಸುತ್ತಿರುವಾಗಲೇ ಸುದ್ದಿ ಕೇಳಿ ಈರಣ್ಣ ಬಂದ. ಬಂದವನೇ, "ವೈನಿ, ಅದು ಚೀನಾ ಮಾಲರಿ, ಅದಕ ಹಂಗಾತು" ಎಂದ.

ಗಂಡನ ಮೇಲೆ ತೆಗೆಯಲಾರದ ಸಿಟ್ಟನ್ನು ತೆಗೆಯಲು ದೇವರು ಒಬ್ಬನನ್ನು ಕಳಿಸಿಕೊಟ್ಟಿದ್ದ.

"ಈರಣ್ಣಾರ, ಮಾಲು ಎಲ್ಲೀದರ ಇರ್ಲಿ, ಹೆಬ್ಬಟ್ಟು ಹುಬ್ಬಳ್ಳೀದು. ಉದ್ದ ಸೆಲ್ ಗಿಡ್ಡ ಜಾಗಾದಾಗ ತುರಕಬಾರ್ದು ಅಂತ ತಿಳ್ಯಾಕ ಎಂಜಿನಿಯರ್ ಬ್ಯಾಡ. ನಿಮ್ಮ ತಲಿ ನಿಮ್ಮ ಮೊಮ್ಮಗನ ಟೊಪಿಗ್ಯಾಗ ಕೂಡಿಸ್ರಿ ನೋಡೋಣು. ಕೂಡವಲ್ದು ಅಂತ ತಲೀ ಒತ್ತತೀರೋ, ದೊಡ್ಡ ಟೊಪಿಗಿ ತರ್ತೀರೋ?"

ಈರಣ್ಣ ಚಹಾ ಕುಡಿಯದೆ ಹೋದ. ಅವನನ್ನು ನೋಡಿ ಸಂತೋಷವಾಯಿತೆಂದು ಬರೆಯಲು ನಾಚಿಕೆಯಿಲ್ಲ. ಒಬ್ಬರ ಮೇಲಾದರೂ ವಿದ್ಯೆ ಉಳಿಯಬೇಕಲ್ಲ.

ಅವನು ಹೋದ ಮೇಲೆ ಜಯಕರ ಯಂತ್ರವನ್ನೇ ನೋಡುತ್ತ, "ಸರಿ ಸೆಲ್ ಹಾಕಿದ್ರ ನಡೀತದೇನು?" ಎಂದರು. ಟಾರ್ಚು ಎನ್ನಲಿಲ್ಲ. ನೇರವಾಗಿ ಕೇಳಿದರು.

ಒಳಗೆ ಕಾರ್ಖಾನೆಯ ದಿನಗಳ ನನ್ನ ಸಲಕರಣೆ ಪೆಟ್ಟಿಗೆಯಲ್ಲಿ ಸರಿಯಾದ ಅಳತೆಯ ಹೊಸ ಸೆಲ್ ಇತ್ತು. ಇಲ್ಲ ಎಂದುಬಿಡಬಹುದಿತ್ತು. ಯಂತ್ರವನ್ನು ಸುತ್ತಿಗೆಯಿಂದ ಜಜ್ಜಬಹುದಿತ್ತು, ಅದೇ ಸರಿಯೆಂದು ಓದುವ ನಿಮಗೂ ಅನ್ನಿಸಬಹುದು. ಆದರೆ ಜಜ್ಜಿದರೆ ಈರಣ್ಣನ ಅಳಿಯ ಇನ್ನೊಂದು ಬಿಟ್ಟುಹೋಗುತ್ತಾನೆ, ಅದಕ್ಕೆ ಇನ್ನೊಂದು ಬೆಳ್ಳಿಕಾಗದ ಬರುತ್ತದೆ. ಚಿಮುಟದಿಂದ ಸ್ಪ್ರಿಂಗನ್ನು ಎತ್ತಿ ನೆಟ್ಟಗೆ ಮಾಡಿದೆ. ತಗಡಿನ ಅಂಚನ್ನು ಉಜ್ಜಿ ನಯಮಾಡಿದೆ. ಮೆತ್ತಗಾಗಿ ಸೊಟ್ಟಗಾಗಿದ್ದ ಬಾಗಿಲನ್ನು ಬಿಸಿನೀರಿನಲ್ಲಿಟ್ಟು ತಿದ್ದಿದೆ. ಸೆಲ್ ಹಾಕಿದೆ. ಬಾಗಿಲು ಒಂದೇ ಬೆರಳಿಗೆ ಟಿಕ್ಕೆಂದು ಮುಚ್ಚಿತು. ಇಂಥ ಹಾಳು ವಸ್ತು ನನ್ನ ಕೈಯಲ್ಲಿ ಇಷ್ಟು ಚೆನ್ನಾಗಿ ಕೂತಿತಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವೂ ಆಯಿತು, ಸುಳ್ಳೇಕೆ, ಸ್ವಲ್ಪ ಹೆಮ್ಮೆಯೂ ಆಯಿತು.

"ಕಿಸೇದಾಗ ಇಡೂಹಂಗಿಲ್ಲ. ಬಚ್ಚಲದಾಗ ಇಲ್ಲ. ಇಲ್ಲೇ ವರಾಂಡದಾಗ, ನನ್ನೆದುರಿಗೆ. ಸೆಲ್ ಕೂಡಿಸೂದು ನನ್ನ ಕೆಲಸ, ಮಾಡೇನಿ. ಎದಿ ನಿಮ್ಮದು, ಅದರ ವಿಚಾರ ನೀವ ಮಾಡ್ರಿ" ಎಂದೆ.

ಅವರು ಎಳೆದರು. ಹಬೆ ಬಂತು. ನನ್ನೆದುರಿಗೆ ಹೇಗೆ ಕೂರಬೇಕು, ಕಾಲು ಎಲ್ಲಿಡಬೇಕು ಎಂದೇ ಅವರಿಗೆ ತಿಳಿಯಲಿಲ್ಲ. ಮೂರು ವಾರ ಹೀಗೆ ನಡೆಯಿತು. ಕೆಮ್ಮು ಎಲ್ಲಿಗೂ ಹೋಗಲಿಲ್ಲ. ದ್ರವ ಮುಗಿದಾಗ ಈರಣ್ಣನಿಗೆ ಫೋನು ಹೋಯಿತು. ಆದರೆ ಅಷ್ಟರಲ್ಲಿ ಈರಣ್ಣ ಸೂರ್ಯನನ್ನು ಬರಿಗಣ್ಣಿನಿಂದ ನೋಡುವ ಚಿಕಿತ್ಸೆಗೆ ಸೇರಿಬಿಟ್ಟಿದ್ದ, ಹಬೆಯೆಲ್ಲ ವಿಷವೆಂದು ನನ್ನ ಗಂಡನಿಗೇ ಉಪದೇಶ ಮಾಡಿದ. ಯಂತ್ರದಿಂದ ಸೆಲ್ ತೆಗೆದು ಬೇರೆ ಇಟ್ಟೆ.

ಕಥೆ ಇಲ್ಲಿಗೆ ಮುಗಿದು, ನನ್ನ ಗಂಡ ಎಲ್ಲವನ್ನೂ ಬಿಟ್ಟರು ಎಂದು ಹೇಳಿದರೆ ನೀವು ನಂಬಬಾರದು. ಹದಿನೈದು ದಿನ ಮನೆಯ ಬೆಕ್ಕೂ ಅವರ ಹತ್ತಿರ ಸುಳಿಯದಷ್ಟು ಸಿಡಿಮಿಡಿಗೊಂಡಿದ್ದರು. ನಾನೇ ಒತ್ತಾಯಿಸಿ ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸಿಗರೇಟಿನ ಬದಲು ಜಗಿಯಲು ಡಾಕ್ಟರು ಏನೋ ಕೊಟ್ಟರು, ಇವರು ಜಗಿದರು. ಕೆಲವು ದಿನ ಏನನ್ನೂ ಸೇದಲಿಲ್ಲ. ಕೆಲವು ದಿನ ಸೇದಿದರು.

ಮೊನ್ನೆ ಸಂಜೆ ಸಪ್ತಾಪುರದ ಕಡೆಯಿಂದ ನಡೆದು ಬಂದು, ಗೇಟಿನಲ್ಲೇ ನಿಂತು, "ಇವತ್ತ ಮೂರ ಸೇದಿದೆ" ಎಂದರು. ನಾನು ಕೇಳಿರಲಿಲ್ಲ. ಬಾಯಲ್ಲಿ ಸೋಂಪೂ ಇರಲಿಲ್ಲ. ನನ್ನ ನಾಲಿಗೆಯ ತುದಿಗೆ ಒಂದು ಮಾತು ಬಂದು ನಿಂತಿತು. ಬಹಳ ಚೆನ್ನಾದ ಮಾತು, ಬರೆದಿಟ್ಟರೆ ನೀವೂ ಮೆಚ್ಚುತ್ತೀರಿ.

"ಒಳಗ ಬರ್ರಿ," ಎಂದೆ, "ಚಹಾ ಆರ್ತೈತಿ."